ಪಾಸ್‌ಕೋಡ್ ಇರುವ ಫೋನಿನಲ್ಲಿ ಅಲರ್ಜಿ, ಮಾತ್ರೆಗಳ ವಿವರ ಬೇರೆಯವರಿಗೆ ಕಾಣುವಂತೆ ಮಾಡುವುದು ಹೇಗೆ?

ಪ್ರಶ್ನೆ: ಅಪ್ಪನಿಗೆ ಪೆನ್ಸಿಲಿನ್ ಅಲರ್ಜಿ, ಜೊತೆಗೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ನಡೆಯುತ್ತಿದೆ. ಎಚ್ಚರ ತಪ್ಪಿದರೆ ಇದು ತಿಳಿಯಬೇಕು. ಪಾಸ್‌ಕೋಡ್ ತೆಗೆದುಬಿಡಲೇ?

ಉತ್ತರ 1: ಬೇಡವೇ ಬೇಡ, ಯುಪಿಐ ಎಲ್ಲ ಅದರಲ್ಲೇ ಇರುತ್ತದೆ. ಐಫೋನ್ ಆದರೆ ಹೆಲ್ತ್ ಆಪ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ, ಮೆಡಿಕಲ್ ಐಡಿಗೆ ಹೋಗಿ ಎಡಿಟ್ ಮಾಡಿ. ‘ಶೋ ವೆನ್ ಲಾಕ್ಡ್’ ಆನ್ ಇರಲೇಬೇಕು. ಅದು ಆಫ್ ಇದ್ದರೆ ತುಂಬಿದ್ದೆಲ್ಲ ಪಾಸ್‌ಕೋಡ್ ಹಿಂದೆಯೇ ಉಳಿಯುತ್ತದೆ.

ಉತ್ತರ 2: ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ‘ಎಮರ್ಜೆನ್ಸಿ’ ಎಂದು ಹುಡುಕಿ, ಈ ವಿವರ ತುಂಬುವ ಜಾಗಕ್ಕೆ ಕಂಪನಿಗೊಂದು ಹೆಸರಿರುತ್ತದೆ. ‘ರಕ್ತದ ಮಾತ್ರೆ’ ಎಂದು ಬರೆದರೆ ಯಾರಿಗೂ ಅರ್ಥವಾಗದು. ‘ವಾರ್ಫರಿನ್ 5 ಮಿ.ಗ್ರಾಂ, ರಾತ್ರಿ’ ಎಂಬಂತೆ ಹೆಸರು, ಪ್ರಮಾಣ ಎರಡನ್ನೂ ಇಂಗ್ಲಿಷಿನಲ್ಲೇ ಬರೆಯಿರಿ. ಡೋಸ್ ಬದಲಾದ ದಿನವೇ ತಿದ್ದಿ.

ಉತ್ತರ 3: ಲಾಕ್ ಮಾಡಿ, ‘ಎಮರ್ಜೆನ್ಸಿ’ ಒತ್ತಿ ಪರೀಕ್ಷಿಸಿ, 112 ಮಾತ್ರ ಒತ್ತಬೇಡಿ. ಚಾರ್ಜ್ ಮುಗಿದರೆ ಇದ್ಯಾವುದೂ ಕಾಣದು, ಪರ್ಸಿನಲ್ಲೊಂದು ಚೀಟಿಯೂ ಇರಲಿ.