‘36ತ್ ಚೇಂಬರ್’ ಬ್ಲೂ-ರೇ: ಚುಕ್ಕೆ ಚುಕ್ಕೆ ಚಿತ್ರ, ತಗಡಿನ ಸದ್ದು. ಡಿಸ್ಕ್ ದೋಷವಾ?

ಪ್ರಶ್ನೆ: ನಮಸ್ತೆ ಮೇಡಂ. ನೀವು ಹಳೆ ಫಿಲಂ ಸ್ಕ್ಯಾನಿಂಗ್, ರಿಸ್ಟೋರೇಷನ್ ಕೆಲಸದವರು ಅಂತ ಗ್ರೂಪಲ್ಲಿ ಹೇಳಿದ್ರು, ಅದಕ್ಕೇ ಕೇಳ್ತಿದೀನಿ. ‘ದಿ 36ತ್ ಚೇಂಬರ್ ಆಫ್ ಶಾವೊಲಿನ್’ (1978) ಅನ್ನೋ ಹಾಂಗ್‌ಕಾಂಗ್ ಕುಂಗ್‌ಫೂ ಸಿನಿಮಾದ ಬ್ಲೂ-ರೇ ತರಿಸಿದೆ. 55 ಇಂಚಿನ ಟಿವಿ, ಸೌಂಡ್‌ಬಾರ್ ಇದೆ. ಆಕಾಶ, ಗೋಡೆ ಬಂದ ಕಡೆಯೆಲ್ಲ ಸಣ್ಣ ಚುಕ್ಕೆ ಕುಣೀತಾವೆ. ಫೈಟ್ ಶುರುವಾದ್ರೆ ಟಿವಿ ಧಾರಾವಾಹಿ ಥರ ಕಾಣತ್ತೆ, ಕೋಲು ಬೀಸಿದಾಗ ತುದಿಯೇ ಮಾಯ. ಮಾತಿಗೂ ತುಟಿಗೂ ತಾಳೆಯಿಲ್ಲ. 5.1 (ಸರೌಂಡ್ ಧ್ವನಿ) ಹಾಕಿದ್ರೆ ಏಟಿನ ಸದ್ದು ಬೇರೆ ಯಾವುದೋ ಸಿನಿಮಾದ್ದು ಅನ್ಸತ್ತೆ, ಮೊನೊ (ಒಂದೇ ಚಾನೆಲ್ ಧ್ವನಿ) ಹಾಕಿದ್ರೆ ತಗಡು ಬಡಿದ ಹಾಗೆ. ವಾಪಸ್ ಕಳಿಸಲಾ?

ಉತ್ತರ: ಕಳಿಸಬೇಡಿ ಸರ್. ನೀವು ಹೇಳಿದ್ದರಲ್ಲಿ ಅರ್ಧ ಸಿನಿಮಾದ ಗುಣ, ಇನ್ನರ್ಧ ನಿಮ್ಮ ಟಿವಿ, ಸೌಂಡ್‌ಬಾರ್‌ನ ಉಪಕಾರ.

ಚುಕ್ಕೆ ಅಂದ್ರೆ ಫಿಲಂ ಗ್ರೇನ್, ಫಿಲಂನದೇ ಸಣ್ಣ ಕಣಗಳು. 35 ಎಂಎಂ ನೆಗೆಟಿವ್‌ನಲ್ಲಿ ಇದ್ದದ್ದೇ ಅದು. ಅನುಮಾನ ಇದ್ರೆ ಚಿತ್ರ ನಿಲ್ಲಿಸಿ ಒಂದೊಂದೇ ಫ್ರೇಮ್ ಮುಂದೆ ಸರಿಸಿ. ಚುಕ್ಕೆಗಳು ಪ್ರತಿ ಫ್ರೇಮಿಗೂ ಜಾಗ ಬದಲಿಸ್ತಾ, ಇಡೀ ಚಿತ್ರದಲ್ಲಿ ಸಮನಾಗಿ ಹರಡಿದ್ರೆ ಗ್ರೇನ್. ಕತ್ತಲಿನ ಮೂಲೆಯಲ್ಲಿ ಚೌಕ ಚೌಕವಾಗಿ ಗುಂಪುಗಟ್ಟಿದ್ರೆ ಅದು ಕಂಪ್ರೆಷನ್ (ಡಿಸ್ಕಲ್ಲಿ ಹಿಡಿಸೋಕೆ ಚಿತ್ರ ಹಿಂಡಿದ್ದರ) ದೋಷ, ಆಗ ಡಿಸ್ಕನ್ನು ಬೈಯಬಹುದು. ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಅಂಚಿನ ಕಂಬಗಳು ಬಾಗಿದ ಹಾಗೆ ಕಂಡ್ರೂ ಗಾಬರಿ ಬೇಡ. ಅದು ಈ ಸಿನಿಮಾ ತೆಗೆದ ಶಾ ಬ್ರದರ್ಸ್ ಸ್ಟುಡಿಯೋದವರ ‘ಶಾಸ್ಕೋಪ್’ ಅಗಲಪರದೆ ಲೆನ್ಸಿನ ಚಾಳಿ.

ಧಾರಾವಾಹಿ ಕಳೆಗೆ ಕಾರಣ ಟಿವಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಟಿವಿ ಮಧ್ಯೆ ತಾನೇ ಫ್ರೇಮ್ ಹುಟ್ಟಿಸಿ ತುಂಬತ್ತೆ. ನಿಧಾನದ ದೃಶ್ಯದಲ್ಲಿ ಹೇಗೋ ನಡೆಯತ್ತೆ, ಬೀಸುವ ಕೋಲು ಎರಡು ಫ್ರೇಮಿನ ಮಧ್ಯೆ ಎಲ್ಲಿರತ್ತೆ ಅಂತ ಅದಕ್ಕೆ ಸರಿಯಾಗಿ ಊಹಿಸೋಕೆ ಆಗಲ್ಲ, ತುದಿ ನುಂಗಿಬಿಡತ್ತೆ. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಯಾವುದಿದ್ರೂ ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಇಡಿ. ಶಾರ್ಪ್‌ನೆಸ್ ಕೂಡ ಇಳಿಸಿ.

ಇನ್ನು ಸದ್ದು, ನನಗೆ ಇಷ್ಟದ ವಿಷಯ. ಆಗಿನ ಹಾಂಗ್‌ಕಾಂಗ್ ಸಿನಿಮಾಗಳಲ್ಲಿ ಶೂಟಿಂಗ್ ಹೊತ್ತಿಗೆ ಧ್ವನಿ ಹಿಡೀತಿರಲಿಲ್ಲ. ಮಾತು, ಏಟು, ಬಟ್ಟೆ ಸರಭರ ಎಲ್ಲ ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಹಾಗಾಗಿ ಮ್ಯಾಂಡರಿನ್ ಹಾಕಿ, ಇಂಗ್ಲಿಷ್ ಹಾಕಿ, ತುಟಿ ಪೂರ್ತಿ ಕೂಡಲ್ಲ. ಸೌಂಡ್‌ಬಾರ್ ತಡ ಮಾಡ್ತಿದೆಯಾ ಅಂತ ಮಾತಿನಿಂದ ಪರೀಕ್ಷಿಸಬೇಡಿ. ಮಣಿಕಟ್ಟಿನ ಬಲಕ್ಕಾಗಿ ನಾಯಕ ಸಾನ್ ಟೆ ಉದ್ದ ಹಿಡಿಯ ಭಾರ ಬೀಸಿ ಗಂಟೆ ಹೊಡೆಯೋ ದೃಶ್ಯ ಇದೆಯಲ್ಲ, ಅಲ್ಲಿ ನೋಡಿ. ತಗುಲಿದ ಕ್ಷಣವೇ ಸದ್ದು ಬರಬೇಕು. ಪ್ರತಿ ಸಲ ಹಿಂದೆ ಬಿದ್ರೆ ಎವಿ ಸಿಂಕ್ (ಚಿತ್ರಕ್ಕೆ ಸದ್ದು ಹೊಂದಿಸೋ ಸೆಟ್ಟಿಂಗ್) ಸರಿಮಾಡಿ.

ಮೂಲ ಧ್ವನಿ ಮೊನೊ. 5.1 ಅನ್ನೋದು ನಂತರದವರ ಕೈಕೆಲಸ, ಇಂಥ ಎಷ್ಟೋ ರೀಮಿಕ್ಸ್‌ಗಳಲ್ಲಿ ಹಳೆ ಏಟಿನ ಸದ್ದು ತೆಗೆದು ಹೊಸದು ಹಾಕ್ತಾರೆ. ನಿಮ್ಮ ಕಿವಿ ಸರಿಯಾಗೇ ಇದೆ! ಮೊನೊನೇ ಕೇಳಿ. ಆ ಕಾಲದ ಆಪ್ಟಿಕಲ್ ಟ್ರ್ಯಾಕಿನಲ್ಲಿ (ಫಿಲಂ ಅಂಚಲ್ಲೇ ಅಚ್ಚಾದ ಧ್ವನಿಪಟ್ಟಿ) ತೀರ ತಾರದ ಸ್ವರವೂ ಇಲ್ಲ, ಭಾರಿ ಬೇಸೂ ಇಲ್ಲ, ಮಧ್ಯದ ಸ್ವರವೇ ಜಾಸ್ತಿ. ಸೌಂಡ್‌ಬಾರ್ ಅದನ್ನು ಸರೌಂಡ್ ಮಾಡ್ತೀನಿ ಅಂತ ಹರಡಿದ್ರೆ ತಗಡಾಗತ್ತೆ. ಸ್ಟ್ಯಾಂಡರ್ಡ್ ಮೋಡಿಗೆ ಹಾಕಿ, ಟ್ರೆಬಲ್ ಮುಟ್ಟಬೇಡಿ. ಸ್ವಲ್ಪ ಹಿಸ್ (‘ಸ್’ ಅನ್ನೋ ಹಿನ್ನೆಲೆ ಸದ್ದು) ಇದ್ರೆ ಇರಲಿ. ಅದನ್ನು ತೀರಾ ಉಜ್ಜಿದ ಟ್ರ್ಯಾಕಿನಲ್ಲಿ ಮಾತಿನ ಕೊನೆ ಅಕ್ಷರಗಳೂ ಹೋಗಿರ್ತವೆ.

ಇನ್ನೊಬ್ಬರು: ನನ್ನ ಹತ್ರ ಹಳೆ ಡಿವಿಡಿ ಇದೆ ಮೇಡಂ, ಮುಖ ನುಣ್ಣಗೆ ಕಾಣತ್ತೆ. ಅದೇ ವಾಸಿ ಅಲ್ವಾ?

ಉತ್ತರ: ನುಣ್ಣಗಿರೋದು ಗ್ರೇನ್ ಜೊತೆ ಚರ್ಮದ ವಿವರವನ್ನೂ ಒರೆಸಿದ್ದಕ್ಕೆ. ಸನ್ಯಾಸಿಗಳ ಒರಟು ಬಟ್ಟೆಯ ನೇಯ್ಗೆ ಕಾಣತ್ತಾ ನೋಡಿ. ಆಮೇಲೆ ಒದೆಯೋ ಮಧ್ಯೆ ಚಿತ್ರ ನಿಲ್ಲಿಸಿ, ಮಸುಕಾಗಿ ಇನ್ನೊಂದು ಕಾಲು ಕಂಡ್ರೆ ಪಾಲ್ ಮಾಸ್ಟರಿನಿಂದ ಎನ್‌ಟಿಎಸ್‌ಸಿಗೆ (ಎರಡೂ ಹಳೆ ಟಿವಿ ಪದ್ಧತಿಗಳು) ಬದಲಿಸಿದ ಪ್ರತಿ ಇರಬಹುದು. ಪಾಲ್‌ನಲ್ಲಿ 24 ಫ್ರೇಮನ್ನು 25ಕ್ಕೆ ಓಡಿಸ್ತಾರೆ, ಸುಮಾರು 115 ನಿಮಿಷದ ಸಿನಿಮಾ 110ರಲ್ಲಿ ಮುಗಿಯತ್ತೆ, ಧ್ವನಿಯೂ ಸ್ವಲ್ಪ ಕೀರಲಾಗಬಹುದು. ನನ್ನ ಮತ ಬ್ಲೂ-ರೇಗೇ.

ಮೊದಲಿನವರು: ಮೋಷನ್‌ಫ್ಲೋ ಆಫ್ ಮಾಡ್ದೆ ಮೇಡಂ, ಕೋಲಿನ ತುದಿ ವಾಪಸ್ ಬಂತು! ಇನ್ನಷ್ಟು ಹಾಂಗ್‌ಕಾಂಗ್ ಡಿಸ್ಕ್ ತರಿಸಿದ್ರೆ ಇಲ್ಲಿನ ಪ್ಲೇಯರಲ್ಲಿ ಓಡತ್ತಾ?

ಉತ್ತರ: ಡಬ್ಬಿ ಹಿಂದೆ ನೋಡಿ ತಗೊಳ್ಳಿ. ಡಿಸ್ಕಿಗೆ ರೀಜನ್ ಅಂತ ಇರತ್ತೆ, ಅದು ಪ್ಲೇಯರಿನ ರೀಜನ್ನಿಗೆ ಹೊಂದಬೇಕು. ಬ್ಲೂ-ರೇಯಲ್ಲಿ ಭಾರತ ರೀಜನ್ ಸಿ, ಹಾಂಗ್‌ಕಾಂಗ್, ಅಮೆರಿಕ ಎ, ಬ್ರಿಟನ್ ಬಿ. ಡಿವಿಡಿಯಲ್ಲಿ ನಮ್ಮದು 5, ಹಾಂಗ್‌ಕಾಂಗ್ 3. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಿಗೆ ರೀಜನ್ ಕಾಟ ಇಲ್ಲ, ಆದ್ರೆ ಅದಕ್ಕೆ 4ಕೆ ಪ್ಲೇಯರ್ರೇ ಬೇಕು.