'ದಿಸ್' ಒಂದ್ಸಲ ಪ್ರೊನೌನ್, ಒಂದ್ಸಲ ಅಲ್ಲ! ಮಗಳಿಗೆ ಹೇಗೆ ಹೇಳಿಕೊಡಲಿ?

ಪುಟ್ಟಿಯ ಅಮ್ಮ:
ಮಗಳು 7ನೇ ಕ್ಲಾಸ್. ನಾನು ಓದಿದ್ದು ಕನ್ನಡ ಮೀಡಿಯಂ. ಹೆಸರಿನ ಬದಲು ಬರೋದು ಪ್ರೊನೌನ್, ಅಂದರೆ ಸರ್ವನಾಮ, ಅಷ್ಟು ಗೊತ್ತು. ನಿನ್ನೆ 'ದಿಸ್ ಬ್ಯಾಗ್ ಈಸ್ ಮೈನ್' ಅಂತ ಕೊಟ್ಟು ಪ್ರೊನೌನ್ ಗುರುತಿಸಿ ಅಂದಿದ್ದರಂತೆ, ಇವಳು ದಿಸ್‌ಗೂ ಮೈನ್‌ಗೂ ಗೆರೆ ಎಳೆದಿದ್ದಾಳೆ, ಟೀಚರ್ ದಿಸ್‌ಗೆ ತಪ್ಪು ಹಾಕಿದ್ದಾರೆ. ಪುಸ್ತಕದ ಪಟ್ಟಿಯಲ್ಲಿ ದಿಸ್ ಇದೆಯಲ್ಲ? ಜೊತೆಗೆ ಹರ್ಸೆಲ್ಫ್‌ಗೆ ರಿಫ್ಲೆಕ್ಸಿವ್, ಎಂಫ್ಯಾಟಿಕ್ ಅಂತ ಎರಡು ಹೆಸರು ಬೇರೆ. ತುಂಬಾ ಬೇಜಾರು ಮಾಡಿಕೊಂಡಿದ್ದಾಳೆ.

ಹಳೇ ಮೇಷ್ಟ್ರು:
ಟೀಚರ್ ಹೇಳಿದ್ದು ಸರಿ ಅಮ್ಮ. ಅದನ್ನೇ ಕನ್ನಡದಲ್ಲಿ ಹೇಳಿ ನೋಡಿ. 'ಈ ಬ್ಯಾಗು ನನ್ನದು.' ಇಲ್ಲಿ 'ಈ' ಒಂಟಿಯಾಗಿ ನಿಲ್ಲಲ್ಲ, ಮುಂದೆ ಬ್ಯಾಗು ಬೇಕೇ ಬೇಕು. 'ಇದು ನನ್ನ ಬ್ಯಾಗು' ಅಂದರೆ 'ಇದು' ತಾನೇ ನಿಲ್ಲುತ್ತದೆ, ಅದು ಸರ್ವನಾಮ. ನಮ್ಮಲ್ಲಿ ಈ, ಇದು ಅಂತ ಎರಡು ಪದ ಇವೆ, ಇಂಗ್ಲಿಷಲ್ಲಿ ಎರಡಕ್ಕೂ ದಿಸ್ ಒಂದೇ, ಗೊಂದಲ ಆಗೋದು ಅಲ್ಲೇ. ದಟ್ ಕೂಡ ಹಾಗೇ: ಆ, ಅದು. ವಿಚ್ ಅಂದರೆ ಯಾವ, ಯಾವುದು. ಮೈ, ಮೈನ್ ಮಾತ್ರ ನಮ್ಮ ನನ್ನ, ನನ್ನದು ಥರ ಬೇರೆ ಬೇರೆ. ಕೆಲವು ಪುಸ್ತಕಗಳು ಮೈ ಪದವನ್ನೂ ಸರ್ವನಾಮ ಅಂತಲೇ ಕರೆಯುತ್ತವೆ, ಪರೀಕ್ಷೆಗೆ ಟೀಚರ್ ಹೇಳಿದ್ದನ್ನೇ ಬರೆಯಲಿ.

ತುಂಗಾ ತೀರ:
ಹರ್ಸೆಲ್ಫ್‌ಗೂ ಕನ್ನಡವೇ ದಾರಿ. 'ಶಿ ಹರ್ಟ್ ಹರ್ಸೆಲ್ಫ್' ಅಂದರೆ ಏಟು ಮಾಡಿಕೊಂಡಳು. 'ಶಿ ಹರ್ಸೆಲ್ಫ್ ಕುಕ್ಡ್ ದ ರೈಸ್' ಅಂದರೆ ಅವಳೇ ಅನ್ನ ಮಾಡಿದಳು. 'ಕೊಂಡಳು' ಬಂದರೆ ರಿಫ್ಲೆಕ್ಸಿವ್, ಅಂದರೆ ಮಾಡಿದ್ದು ತನಗೇ ಆಯಿತು. 'ಅವಳೇ' ಬಂದರೆ ಎಂಫ್ಯಾಟಿಕ್, ಅಂದರೆ ಬರೀ ಒತ್ತು ಕೊಡೋಕೆ.

ಬಯಲುಸೀಮೆ:
ಮೇಲಿನವರು ಹೇಳಿದ್ದು ಚೆನ್ನಾಗಿದೆ, ಆದರೆ 'ಕೊಂಡಳು' ಒಂದನ್ನೇ ನಂಬಬೇಡಿ. ಮಲಗಿಕೊಂಡಳು ಅಂತೀವಿ, ಹಾಗಂತ 'ಶಿ ಸ್ಲೆಪ್ಟ್ ಹರ್ಸೆಲ್ಫ್' ಅಂತ ಬರೆದರೆ ತಪ್ಪಾಗುತ್ತೆ. ಹರ್ಸೆಲ್ಫ್ ತೆಗೆದು ಓದಿಸಿ. 'ಶಿ ಕುಕ್ಡ್ ದ ರೈಸ್' ಪೂರ್ತಿ ಇದೆ, ಸುಮ್ನೆ ಒತ್ತು ಹೋಯಿತು ಅಷ್ಟೇ. 'ಶಿ ಹರ್ಟ್' ಅಂದರೆ ಯಾರಿಗೆ ಅನ್ನೋ ಪ್ರಶ್ನೆ ಉಳಿಯುತ್ತೆ, ಅಲ್ವಾ? ಹಾಗೇ, 'ಮೈಸೆಲ್ಫ್' ಅಂತ ಶುರು ಮಾಡಿ ಹೆಸರು ಹೇಳೋ ಅಭ್ಯಾಸ ಇದ್ದರೆ ಈಗಲೇ ಬಿಡಿಸಿ, ಅಲ್ಲಿ 'ಐ ಆ್ಯಮ್' ಬೇಕು.

ಪುಟ್ಟಿಯ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ತಾನೇ ಕೂರಿಸಿಕೊಂಡು ಕೇಳಿದೆ. 'ದಟ್ ಈಸ್ ಹಿಸ್ ಪೆನ್' ಅಂದೆ. ದಟ್ ಅಂದರೆ ಅದು, ಹಾಗಾಗಿ ಸರ್ವನಾಮ ಅಂದಳು. ಆಮೇಲೆ ಅವಳೇ 'ಅಮ್ಮಾ, ದ ಪೆನ್ ಈಸ್ ಹಿಸ್ ಅಂದರೆ ಅವನದು, ಅಲ್ಲಿ ಹಿಸ್ ಕೂಡ ಸರ್ವನಾಮ' ಅಂದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.