ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿದೆ, ಹಳೇ ಲ್ಯಾಪ್‌ಟಾಪ್ ಏನ್ಮಾಡೋದು?

ಪ್ರಶ್ನೆ: ಐ5-6200ಯು, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ವಿಂಡೋಸ್ 11 ಹಾಕೋಕೆ ಹೋದ್ರೆ ಪ್ರೊಸೆಸರ್ ಆಗಲ್ಲ ಅನ್ನುತ್ತೆ. ಬಳಕೆ ಬ್ಯಾಂಕಿಂಗ್, ನುಡಿಯಲ್ಲಿ ಟೈಪಿಂಗ್, ಅಷ್ಟೇ. ಹೊಸದು ತಗೊಳ್ಳಲೇಬೇಕಾ?

ಮಲೆನಾಡಿಗ: ಬೇಡ ಸರ್. ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು, ಆದ್ರೆ ಇಎಸ್‌ಯುಗೆ (ಮೈಕ್ರೋಸಾಫ್ಟ್‌ನ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆ) ಸೇರಿಕೊಂಡ್ರೆ ಭದ್ರತಾ ಪ್ಯಾಚ್ ಆಮೇಲೂ ಸ್ವಲ್ಪ ಕಾಲ ಸಿಗುತ್ತೆ. ಮೊದಲು ವಿಂಡೋಸ್ ಆವೃತ್ತಿ ತೋರಿಸೋ ‘ವಿನ್‌ವರ್’ ಕಮಾಂಡ್ ಓಡಿಸಿ, ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇದೆಯಾ ನೋಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆದರೆ ‘ಎನ್‌ರೋಲ್ ನೌ’ ಇರುತ್ತೆ. ಲೋಕಲ್ ಅಕೌಂಟ್ ಸಾಲದು, ಅಡ್ಮಿನ್ ಹಕ್ಕಿರೋ ಮೈಕ್ರೋಸಾಫ್ಟ್ ಅಕೌಂಟೇ ಬೇಕು. ಸೆಟ್ಟಿಂಗ್ಸ್ ಸಿಂಕ್ ಆನ್ ಮಾಡಿದ್ರೆ ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ ಕೇಳಿದವರು: ಆ ‘ಎನ್‌ರೋಲ್ ನೌ’ ಲಿಂಕೇ ಕಾಣ್ತಿಲ್ಲವಲ್ಲ?

ಮಲೆನಾಡಿಗ: ಬಾಕಿ ಅಪ್‌ಡೇಟ್ ಎಲ್ಲಾ ಹಾಕಿ ರೀಸ್ಟಾರ್ಟ್ ಮಾಡಿ. 2025ರ ಆಗಸ್ಟ್‌ನ ಕೆಬಿ5063709 ಅಪ್‌ಡೇಟ್ ಇಲ್ಲದಿದ್ರೆ ಸೇರಿಕೊಳ್ಳೋ ಆ ವಿಂಡೋ ತೆರೆದ ಕೂಡಲೇ ಮುಚ್ಚಿಕೊಳ್ಳೋದೂ ಉಂಟು. ಕಚೇರಿಯ ಡೊಮೇನ್‌ಗೆ ಸೇರಿಸಿದ ಯಂತ್ರಕ್ಕೆ ಈ ದಾರಿ ಇಲ್ಲ.

ಬೈಟು_ಕಾಫಿ: ಬೂಟ್ ಪೆನ್‌ಡ್ರೈವ್ ಮಾಡೋ ರೂಫಸ್ ತಂತ್ರಾಂಶದಿಂದ ಪ್ರೊಸೆಸರ್ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಬಹುದು, ಓಡುತ್ತೆ. ಆದ್ರೆ ಮುಂದಿನ ದೊಡ್ಡ ಆವೃತ್ತಿ ತಾನಾಗಿ ಬರಲ್ಲ, ಪ್ರತಿ ಸಲ ಕೈಯಾರೆ ಹಾಕಬೇಕು. ಬ್ಯಾಂಕಿಂಗ್ ಯಂತ್ರಕ್ಕೆ ನಾನಂತೂ ಹೇಳಲ್ಲ.

ಪೆಂಗ್ವಿನ್_ಹುಬ್ಬಳ್ಳಿ: ಹಾರ್ಡ್‌ಡಿಸ್ಕ್ ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕ್ರಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಕೂಡಿಸ್ರಿ. 2029ರವರೆಗೆ ಅಪ್‌ಡೇಟ್ ಚಿಂತಿ ಇಲ್ಲ. ಮೊದ್ಲ 8 ಜಿಬಿ ಪೆನ್‌ಡ್ರೈವ್‌ನಿಂದ ಲೈವ್ ಬೂಟ್ (ಇನ್‌ಸ್ಟಾಲ್ ಮಾಡ್ದ ಓಡಿಸೂದು) ಮಾಡಿ ವೈಫೈ, ಪ್ರಿಂಟರ್ ನೋಡ್ಕೊಳ್ರಿ. ಕೀಬೋರ್ಡ್ ಲೇಔಟ್‌ನ್ಯಾಗ ನುಡಿಯಂಥದ್ದೇ ಕನ್ನಡ ‘ಕಗಪ’ ಐತಿ, ಬೆರಳಿಗೆ ಹೊಸದು ಅನ್ಸೂದಿಲ್ಲ. ಹಳೇ ನುಡಿ ಆಸ್ಕಿ ಫೈಲ್‌ಗಳನ್ನ ಮಾತ್ರ ವಿಂಡೋಸ್ ಇರೂವಾಗ್ಲೇ ಯೂನಿಕೋಡ್‌ಗೆ ಬದಲಿಸಿಟ್ಕೊಳ್ರಿ. ಆ ನುಡಿ ಫಾಂಟ್ ಇಲ್ಲಂದ್ರ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣ್ತದ.